ಎಚ್.ಐ.ವಿ. ತಡೆಯೂ ಕೇಳುವ ಭಾಷೆಯೂ

ಶಿರಾ ತಾಲ್ಲೂಕಿನ ಮದಲೂರಿನಿಂದ ಪಾವಗಡದ ಕಡೆಗೆ ಸಾಗಿದಂತೆಲ್ಲ ತೆಲುಗು ಮನೆಮಾತಿನವರು ಹೆಚ್ಚುವುದನ್ನು ನಾವು ಕಾಣುತ್ತೇವೆ. ಆಸ್ಪತ್ರೆಯ ಬರಹವಾದರೋ ಕನ್ನಡದ್ದು. ಆದರೆ ಎಚ್.ಐ.ವಿ. ತಡೆಯುವ ಕಾರ್ಯಕ್ಕೆ ಅಡ್ಡವಾಗುವ ಭಾಷಾಭೇದವು ಒಂದೇ ಮಾತನ್ನಾಡುವ ಇಬ್ಬರ ನಡುವೆಯೂ ತಲೆದೋರುತ್ತದೆ.

“ನೀವು ಸಲಿಂಗಕಾಮಿಯೇ?” ಎಂದರೆ, ಪುರುಷರೊಡನೆ ದೇಹಸಂಪರ್ಕವುಳ್ಳವನೂ “ಅಲ್ಲ” ಎಂದಾನು. ಅದು ಸುಳ್ಳಲ್ಲ, ಆ ಪುಸ್ತಕದ ಪದ ಅವನದಲ್ಲ. ಕರ್ನಾಟಕದಲ್ಲಿಯೂ ಆಂಧ್ರದಲ್ಲಿಯೂ ಹೆಣ್ಣಿನ ಹಾವಭಾವವುಳ್ಳ ಇಂತಹವರು ತಮ್ಮನ್ನು ‘ಕೋಥಿ’ ಎಂದೂ (ಕೇಳಿದವರಿಗೆ ಕಪಿಯ ನೆನಪಾದರೂ ಇದು ಬೇರೆಯೇ ಪದ), ಗಂಡುಸಂಗಾತಿಯನ್ನು ‘ಪಂಥಿ’ ಎಂದೂ ಕರೆಯುವುದುಂಟು. ಆ ಪಂಥಿಯೋ, ಇಂತಹ ಯಾವ ಹೆಸರನ್ನೂ ತನಗೆ ಹಚ್ಚಿಕೊಳ್ಳದ ಸಂಸಾರಸ್ಥನಾಗಿರಬಹುದು. ‘ಪುರುಷರೊಡನೆ ಲೈಂಗಿಕ ಸಂಪರ್ಕವುಳ್ಳ ಪುರುಷರು’ ಎಂದು ಆರೋಗ್ಯ ಕಾರ್ಯಕ್ರಮಗಳು ನಡತೆಯನ್ನೇ ಹೆಸರಿಸುವುದು ಇದರಿಂದಲೇ. ವೈರಾಣು ಹೆಸರು ಕೇಳುವುದಿಲ್ಲ. ರಕ್ಷಣೆಯಿಲ್ಲದ ಗುದಸಂಭೋಗದಲ್ಲಿ ತೆಳುವಾದ ಒಳಪೊರೆಯ ಮೂಲಕ ಸುಲಭವಾಗಿ ದೇಹವನ್ನು ಹೊಗುತ್ತದೆ.

‘ನಿರೋಧ್’ ಎಂಬುದನ್ನೇ ನೋಡೋಣ. 1968ರಲ್ಲಿ ಕುಟುಂಬ ಯೋಜನೆಗಾಗಿ ಪ್ರಚಾರಕ್ಕೆ ಬಂದ ಈ ಹೆಸರು ಬಸಿರು ತಡೆಯುವ ಸಾಧನವನ್ನೇ ನೆನಪಿಗೆ ತರುತ್ತದೆ. ಬಸಿರಿನ ಪ್ರಶ್ನೆಯೇ ಇಲ್ಲದೆಡೆ ಅದೇಕೆಂದು ಒಬ್ಬನು ಕೇಳಿದರೆ ಅವನನ್ನು ಮೂಢನೆನ್ನಲಾರೆವು. ಅದೇ ಬಳಗದಿಂದ ಬಂದ ಕಾರ್ಯಕರ್ತನ ಬೆಲೆ ಇಲ್ಲಿ ತಿಳಿಯುತ್ತದೆ. ಅವನು ಉಪನ್ಯಾಸ ಮಾಡುವುದಿಲ್ಲ. “ಇದು ರೋಗವನ್ನೂ ತಡೆಯುತ್ತದೆ ಕಣೋ; ಕೊಬ್ಬರಿ ಎಣ್ಣೆ ಸವರಬೇಡ, ರಬ್ಬರು ಹರಿಯುತ್ತದೆ; ನೀರಿನಿಂದ ಮಾಡಿದ ಜೆಲ್ ಬಳಸು” ಎಂದು ಗೆಳೆಯನ ಮಾತಿನಲ್ಲಿ, ಬೇಕಾದರೆ ತೆಲುಗಿನಲ್ಲಿ, ಹೇಳಿ, ಮರುದಿನ ರಕ್ತಪರೀಕ್ಷೆಗೆ ತಾನೇ ಜೊತೆಯಲ್ಲಿ ಹೋಗುತ್ತಾನೆ.