ಅರಸರ ಅಂತ್ಯಯಾತ್ರೆಯ ಗುತ್ತಿಗೆದಾರರು

ನಮ್ಮ ಅನೇಕ ಊರುಗಳಲ್ಲಿ ಸಾವಾದ ಮನೆಗೆ ಚಟ್ಟ ಕಟ್ಟಲು ನೆಂಟರಿಷ್ಟರು, ನೆರೆಹೊರೆಯವರು ಬಂದು ನಿಲ್ಲುತ್ತಾರೆ. ಈ ಕೆಲಸವನ್ನೇ ಒಂದು ಮನೆತನ ತಲೆಮಾರುಗಟ್ಟಲೆ ವ್ಯಾಪಾರವಾಗಿ ನಡೆಸಿತೆಂದರೆ ನಿಮಗೆ ವಿಚಿತ್ರವೆನಿಸೀತು. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ ಬ್ಯಾಂಟಿಂಗ್ ಮನೆತನದವರು ಕುರ್ಚಿ, ಮೇಜು, ಬೀರು ಮಾಡಿಸುವವರು. ಮರಗೆಲಸ ಬಲ್ಲವರಿಗೆ ಶವಪೆಟ್ಟಿಗೆ ಕಷ್ಟವೇ? ಪರದೆ, ಮೆತ್ತೆ ಹೊಲಿಸುವ ಅಂಗಡಿಯಲ್ಲಿ ಕರಿಬಟ್ಟೆಗೂ ಬರವಿಲ್ಲ. ಹೀಗೆ ಒಂದು ಕಸುಬಿನೊಳಗಿಂದ ಇನ್ನೊಂದು ಬೆಳೆಯಿತು. 1820ರಲ್ಲಿ ಮೂರನೆಯ ಜಾರ್ಜ್, 1830ರಲ್ಲಿ ನಾಲ್ಕನೆಯ ಜಾರ್ಜ್, 1861ರಲ್ಲಿ ರಾಜಕುಮಾರ ಆಲ್ಬರ್ಟ್, ಇವರೆಲ್ಲರ ಅಂತ್ಯಕ್ರಿಯೆ ಇವರದೇ ಏರ್ಪಾಡು.

1852ರ ನವೆಂಬರ್ 18ರಂದು ವೆಲಿಂಗ್ಟನ್ ಡ್ಯೂಕನ ಶವಯಾತ್ರೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಈತನೆಂಬುದು ನಿಮಗೆ ನೆನಪಿರಬಹುದು. ಕಂಚಿನ ಶವರಥಕ್ಕೆ ಹನ್ನೆರಡು ಕುದುರೆ ಕಟ್ಟಿದರೂ ಅದು ನಡುದಾರಿಯಲ್ಲಿ ಹೂತು ನಿಂತಿತು! ಕಾದಂಬರಿಕಾರ ಡಿಕನ್ಸ್ ಈ ಆಡಂಬರವನ್ನು ಕಟುವಾಗಿ ಟೀಕಿಸಿದ.

ಆತನ ಸಿಟ್ಟಿಗೆ ಕಾರಣವಿತ್ತು. ದೊಡ್ಡವರ ವೈಭವವನ್ನು ಬಡವರೂ ಅನುಕರಿಸುತ್ತಿದ್ದರು. ಕೂಲಿಯವರು ಹೊಟ್ಟೆ ಕಟ್ಟಿ ಶವಸಂಸ್ಕಾರದ ಸಂಘಗಳಿಗೆ ವಾರವಾರ ಪೆನ್ನಿ ಕಟ್ಟುತ್ತಿದ್ದರು. ಹಣ ಹೊಂದುವವರೆಗೆ ಒಂದೇ ಕೋಣೆಯ ಮನೆಯಲ್ಲಿ ಹೆಣದೊಂದಿಗೆ ಮಕ್ಕಳುಮರಿ ದಿನಗಟ್ಟಲೆ ಕಳೆಯುತ್ತಿದ್ದ ಸಂಗತಿಯನ್ನು ಎಡ್ವಿನ್ ಚಾಡ್ವಿಕ್ 1843ರ ವರದಿಯಲ್ಲೇ ದಾಖಲಿಸಿದ್ದ. 1870ರಲ್ಲಿ ತೀರಿಕೊಂಡ ಡಿಕನ್ಸ್, ತನ್ನ ಅಂತ್ಯಕ್ರಿಯೆ ಸರಳವಾಗಿ, ಖಾಸಗಿಯಾಗಿ ನಡೆಯಬೇಕೆಂದು ಉಯಿಲಿನಲ್ಲಿ ಬರೆದಿಟ್ಟಿದ್ದ.

ಬ್ಯಾಂಟಿಂಗರಿಗೇನೂ ನಷ್ಟವಾಗಲಿಲ್ಲ. ಅವರಲ್ಲೊಬ್ಬ, ವಿಲಿಯಂ, ನಿವೃತ್ತನಾದ ಮೇಲೆ 1863ರಲ್ಲಿ ಬೊಜ್ಜು ಕರಗಿಸುವ ಪಥ್ಯದ ಕಿರುಹೊತ್ತಿಗೆ ಬರೆದು ಇನ್ನಷ್ಟು ಹೆಸರಾದ. ಅರಮನೆಯ ಗುತ್ತಿಗೆ ಮಾತ್ರ 1928ರವರೆಗೂ ಮನೆತನದಲ್ಲೇ ಉಳಿಯಿತು.