ಹನ್ನೊಂದನೆಯದು ಖೇಣಿ ಲೆಕ್ಕ

ಚನ್ನಗಿರಿ ಸೀಮೆಯ ಒಂದು ಮನೆಯ ಜಗಲಿಯಲ್ಲಿ ಕೂತು ಆ ಮನೆಯ ಹುಡುಗನ ಪೋರ್ಟ್‌ಫೋಲಿಯೊ ನೋಡುತ್ತಿದ್ದೆ. ಇಂಜಿನಿಯರಿಂಗ್ ಮುಗಿಸಿ ವರ್ಷವಾದರೂ ಬೆಂಗಳೂರಿನಿಂದ ಕರೆ ಬಂದಿಲ್ಲ. ಟು-ಡು ಲಿಸ್ಟ್, ಹವಾಮಾನ, ಕ್ಯಾಲ್ಕುಲೇಟರ್, ನೆಟ್‌ಫ್ಲಿಕ್ಸ್ ನಕಲು... ಯೂಟ್ಯೂಬ್ ನೋಡಿ ಕಲಿತವರೆಲ್ಲ ಮಾಡುವಂಥವೇ. ಪಕ್ಕದಲ್ಲಿ ‘ಜಾವಾ 85%’ ಎಂಬ ಹಸಿರು ಪಟ್ಟಿ. ಸಾರು ಮಾಡಲು 85% ಬರುತ್ತದೆ ಎನ್ನುವ ಅಡುಗೆಭಟ್ಟರನ್ನು ನಾನಂತೂ ಮದುವೆಗೆ ಕರೆಯಲಾರೆ.

ಹನ್ನೊಂದನೆಯ ಆ್ಯಪ್ ಕೊನೆಯಲ್ಲಿ ಮುದುಡಿಕೊಂಡಿತ್ತು: ‘ಖೇಣಿ ಲೆಕ್ಕ’. ‘ಅದು ಬಿಡಿ ಸಾರ್, ಅಪ್ಪಾಜಿಗೆ ಅಂತ ಮಾಡಿದ್ದು’ ಎಂದ. ನಾನು ಬಿಡಲಿಲ್ಲ.

ಖೇಣಿ ಗೊತ್ತಲ್ಲ? ಹಸಿ ಅಡಿಕೆ ಒಯ್ದವರು ಕ್ವಿಂಟಲಿಗೆ 12 ಕೆ.ಜಿ.ಯೋ 13 ಕೆ.ಜಿ.ಯೋ, ಮಾತಾದಷ್ಟು ಒಣ ಅಡಿಕೆ ಕೊಡುವುದು. 37 ಕ್ವಿಂಟಲ್ 40 ಕೆ.ಜಿ.ಗೆ 12.5ರಂತೆ 467 ಕೆ.ಜಿ. 500 ಗ್ರಾಂ. ಮಾತು 12ಕ್ಕೆ ಇಳಿದರೆ 18 ಕೆ.ಜಿ. 700 ಗ್ರಾಂ ಹೋಯಿತು! ಬಾಯಿಲೆಕ್ಕದಲ್ಲಿ ಆ 40 ಕೆ.ಜಿ. ಬಿಟ್ಟುಬಿಟ್ಟರೆ ಇನ್ನೊಂದು 5 ಕೆ.ಜಿ. ಈ ಆ್ಯಪ್ ಕೊಯ್ಲು ಕೊಯ್ಲಿಗೂ ತೂಕದ ಚೀಟಿ ಇಡುತ್ತದೆ; ತೋಟದಲ್ಲಿ ನೆಟ್‌ವರ್ಕ್ ಸಿಗದಿದ್ದರೂ ನಡೆಯುತ್ತದೆ. ಅರ್ಧ ಗಂಟೆ ನಾನು ಅದರಲ್ಲೇ ಕಳೆದೆ. ಕಾಫಿ ಆರಿತು.

ಕೋಡಿನ ತಿದ್ದುಪಡಿಗಳ ದಾಖಲೆ ಇಡುವ ಗಿಟ್ ಅನ್ನು 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆದರು, ಅಂಥ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ 2008ರಲ್ಲಿ ಬಂತು. ಈ ಹುಡುಗನ ಕೋಡೂ ಅಲ್ಲೇ ಇದೆ. ಕೋಡ್ ಯಾವತ್ತು ಬರೆದದ್ದು, ಯಾಕೆ ತಿದ್ದಿದ್ದು ಎಂಬುದನ್ನೆಲ್ಲ ಕೆಲಸ ಕೊಡುವವರು ಅಲ್ಲೇ ನೋಡಬಹುದು. ಉಳಿದ ಹತ್ತನ್ನು ಈತ ಒಂದೇ ವಾರದಲ್ಲಿ ಸುರಿದಿದ್ದ. ಖೇಣಿಯದು ಮಾತ್ರ ನಾಲ್ಕು ತಿಂಗಳು. ನಡುವೆ ಒಂದು ಸಾಲು: ‘ಚೀಲದ ತೂಕ ಕಳೆಯುವುದು ಮರೆತಿದ್ದೆ, ಅಪ್ಪಾಜಿ ಬೈದರು.’ ನಾನು ಸಂದರ್ಶಕನಾಗಿದ್ದರೆ ಇದನ್ನೇ ಹಿಡಿದು ಕೇಳುತ್ತಿದ್ದೆ. ಆದರೆ ಆ್ಯಪ್ ಪರಿಚಯಿಸಬೇಕಾದ ರೀಡ್‌ಮಿ ಕಡತ ಖಾಲಿ. ಖೇಣಿ ಅಂದರೇನು, ಯಾರು ಬಳಸುತ್ತಾರೆ, ಏನು ಕೆಟ್ಟಿತ್ತು ಎಂದು ನಾಲ್ಕು ಸಾಲು ಬೇಡವೇ? ಜೊತೆಗೆ ನೆರೆಯವರ ಹೆಸರು, ತೂಕ ಎಲ್ಲ ಹಾಗೇ ಬಟಾಬಯಲು. ಅಲ್ಲಿ ಕಾಲ್ಪನಿಕ ಹೆಸರೇ ಇರಬೇಕು.

ಕೆಲಸ ಕೊಡುವವರದು ಹೀಗಾದರೆ, ಆ್ಯಪ್ ಮಾಡಿಸಿಕೊಳ್ಳುವ ಗಿರಾಕಿಯ ದಾರಿ ಬೇರೆ. ಹೊನ್ನಾಳಿಯ ರೈಸ್ ಮಿಲ್ಲಿನವರೋ ಜಗಳೂರಿನ ಮೆಕ್ಕೆಜೋಳದ ವ್ಯಾಪಾರಿಯೋ ಕೋಡ್ ತೆರೆದು ನೋಡುವುದಿಲ್ಲ. ಲಿಂಕ್ ಒತ್ತಿದರೆ ಪುಕ್ಕಟೆ ಸರ್ವರ್ ನಿದ್ದೆಯಿಂದ ಏಳುವಷ್ಟರಲ್ಲಿ ಫೋನ್ ಜೇಬಿಗೆ ಹೋಗಿರುತ್ತದೆ. ಅವರಿಗೆ ಒಂದು ನಿಮಿಷದ ವಿಡಿಯೊ ಸಾಕು, ಕನ್ನಡದಲ್ಲಿ.

ಮೊನ್ನೆ ನಾನು ನ್ಯಾಮತಿ ಬಸ್ಸಿನಲ್ಲಿದ್ದಾಗ ಹುಡುಗ ಹೊಸ ಲಿಂಕ್ ಕಳಿಸಿದ. ಖೇಣಿ ಮೊದಲಿಗೆ ಬಂದಿದೆ, ಹಸಿರು ಪಟ್ಟಿ ಹೋಗಿದೆ. ಕ್ಯಾಲ್ಕುಲೇಟರ್ ಇನ್ನೂ ಇದೆ. ಅದನ್ನೂ ತೆಗೆದುಬಿಡಪ್ಪ.