ಕವಳ ಬಿಡೋಕೆ ಹೊರಟವನ ಲೆಕ್ಕದ ಪುಸ್ತಕ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ರೂ ಸರಿ, ಅಂಗಳದಲ್ಲಿ ಅಡಿಕೆ ಸುಲೀತಾ ಕೇಳ್ತಿದ್ರೂ ಸರಿ. ಇವತ್ತಿನ ವಿಷಯ ಎರಡು: ನಮ್ಮನ್ನ ನಾವು ಇದ್ದ ಹಾಗೇ ಒಪ್ಪಿಕೊಳ್ಳೋದು, ಮತ್ತೆ ಕೆಟ್ಟ ಚಟ ಬಿಡೋದು. ಇವೆರಡೂ ಒಂದಕ್ಕೊಂದು ವಿರುದ್ಧ ಅಂತ ನಾನು ತುಂಬಾ ವರ್ಷ ಅಂದ್ಕೊಂಡಿದ್ದೆ. ಒಪ್ಪಿಕೊಂಡ ಮೇಲೆ ಬದಲಾಗೋದು ಯಾಕೆ? ಬದಲಾಗಬೇಕು ಅಂದ್ರೆ ಒಪ್ಪಿಕೊಳ್ಳೋದು ಹೇಗೆ?

ನನ್ನ ಚಟ ಕವಳ. ತಂಬಾಕು ಹಾಕಿದ ಕವಳ. ನಮ್ಮೂರು ಶಿರಸಿ ತಾಲೂಕಿನ ಇಸಳೂರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಕವಳ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳ್ತೀನಿ: ಎಲೆ, ಅಡಿಕೆ, ಸುಣ್ಣ, ಬೇಕಾದವರಿಗೆ ತಂಬಾಕು. ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ, ಆಮೇಲೆ ಕವಳದ ಬಟ್ಟಲು. ಮದುವೆಯಲ್ಲಿ, ತಾಳಮದ್ದಳೆಯಲ್ಲಿ, ಕೊನೆ ಕೊಯ್ಲಿನ ದಿನ, ಎಲ್ಲಾ ಕಡೆ ಅದಿದೆ. ನಾನು ಶುರು ಮಾಡಿದ್ದು ಪಿಯುಸಿ ರಜೆಯಲ್ಲಿ, ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ. ನಿದ್ದೆ ಬರಬಾರದು ಅಂತ ಒಬ್ರು ಕೊಟ್ಟರು, ನಾನು ಹಾಕ್ಕೊಂಡೆ. ಬಿ.ಕಾಂ. ಮುಗಿಯೋ ಹೊತ್ತಿಗೆ ದಿನಕ್ಕೆ ಹನ್ನೆರಡು ಆಗಿತ್ತು. ಊರಲ್ಲಿಲ್ಲದಾಗ ಅಂಗಡಿಯ ಪ್ಯಾಕೆಟ್.

ಆ ಪ್ಯಾಕೆಟ್ ಬಗ್ಗೆ ಒಂದು ಮಾತು. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರ ಮೇ ತಿಂಗಳಲ್ಲಿ. ಆಮೇಲೆ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಅಂತ ಬಂತು. ಕೊಳ್ಳೋವವನೇ ಕೈಯಲ್ಲಿ ಕಲಸಿಕೊಳ್ತಾನೆ. ಕಾನೂನು ಬದಲಾಯ್ತು, ಬಾಯಿ ಬದಲಾಗಲಿಲ್ಲ.

ಈಗ ಅಸಲಿ ಕಥೆಗೆ ಬರ್ತೀನಿ. ಒಂದಿನ ಮಧ್ಯಾಹ್ನ ಊಟಕ್ಕೆ ಅಪ್ಪೆಹುಳಿ ಇತ್ತು. ಒಂದು ಗುಟುಕು ಕುಡಿದೆ, ಬಾಯಿ ಪೂರ್ತಿ ಉರಿ. "ತಮಾ, ಎಂತಾತಾ? ಖಾರ ಆತಾ?" ಅಂತ ಆಯಿ ಕೇಳಿದ್ಳು. "ಎಂತದೂ ಇಲ್ಲೆ ಆಯಿ" ಅಂದೆ. ಅಪ್ಪೆಹುಳಿ ಯಾವತ್ತೂ ಹಾಗೆ ಉರಿಯೋದಲ್ಲ. ನನಗೆ ಗೊತ್ತಿತ್ತು. ಆದ್ರೂ ಡಾಕ್ಟರ ಹತ್ರ ಹೋಗೋಕೆ ಆರು ತಿಂಗಳು ತಗೊಂಡೆ. ಯಾಕೆ ಗೊತ್ತಾ? ಬೈತಾರೆ ಅಂತ. ಅದಕ್ಕಿಂತ ಹೆಚ್ಚಾಗಿ, ಎರಡು ಸಲ "ನಾಳಿಂದ ಬಿಡ್ತಿ" ಅಂತ ಮನೆಯಲ್ಲಿ ಹೇಳಿ, ಎರಡು ಸಲವೂ ಕದ್ದು ಹಾಕ್ತಿದ್ದೆ. ಆ ಸುಳ್ಳು ಹೊರಗೆ ಬರುತ್ತೆ ಅನ್ನೋ ನಾಚಿಕೆ.

ಕೊನೆಗೆ ದಂತವೈದ್ಯರ ಹತ್ರ ಹೋದೆ. ಅವರು ಬೈಲೇ ಇಲ್ಲ. "ಬಾಯಿ ತೆಗೆದು ನಿಮ್ಮದೇ ಮೂರು ಬೆರಳು ನೆಟ್ಟಗೆ ನಿಲ್ಲಿಸಿ ಒಳಗೆ ಇಡಿ" ಅಂದ್ರು. ಸಾಮಾನ್ಯವಾಗಿ ಮೂರು ಬೆರಳು ಹಿಡೀಬೇಕು. ನನಗೆ ಎರಡೂವರೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಶುರುವಾಗಿದೆ ಅಂದ್ರು. ಕೆನ್ನೆಯ ಒಳಗಿನ ಪದರ ನಿಧಾನಕ್ಕೆ ಬಿಗಿಯಾಗುತ್ತೆ, ಖಾರ ತಿಂದ್ರೆ ಉರಿ, ಆಮೇಲೆ ಬಾಯಿ ತೆರೆಯೋದೇ ಕಷ್ಟ. ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗಬಹುದು. ಬಿಗಿಯಾದ ಪದರ ಮೊದಲಿನ ಹಾಗೆ ಆಗೋದು ಕಷ್ಟ, ಆದ್ರೆ ಬಿಟ್ರೆ ಮುಂದೆ ಹೋಗೋದನ್ನ ತಡೀಬಹುದು. ಅಂದ್ರೆ ನಾನು ನಾಚಿಕೆಯಲ್ಲಿ ಕಳೆದ ಆರು ತಿಂಗಳಿಗೆ ಬೆಲೆ ಇತ್ತು.

ಇಲ್ಲಿ ಇನ್ನೊಂದು ವಿಷಯ, ನಮ್ಮ ಕಡೆ ಹೇಳೋಕೆ ಕಷ್ಟ ಆಗೋದು. ತಪ್ಪು ಬರೀ ತಂಬಾಕಿಂದಲ್ಲ. ಫೈಬ್ರೋಸಿಸ್ಸಿಗೆ ಮುಖ್ಯ ಕಾರಣವೇ ಅಡಿಕೆ. ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ಅಂಶ ಉತ್ತೇಜನವನ್ನೂ ಕೊಡುತ್ತೆ, ಚಟವನ್ನೂ ಹತ್ತಿಸುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ನನ್ನ ಕಾಲೇಜು ಫೀ ಕಟ್ಟಿದ್ದು ಅಡಿಕೆ. ಅಪ್ಪಯ್ಯನ ಸೊಸೈಟಿ ಸಾಲ ತೀರಿಸಿದ್ದು ಅಡಿಕೆ. ಹಾಗಿರುವಾಗ ಅಡಿಕೆ ನನಗೆ ಹಾನಿ ಮಾಡ್ತು ಅನ್ನೋದು ಮನೆಗೇ ದ್ರೋಹ ಅನ್ನಿಸ್ತು. ಈಗ ಹಾಗನ್ನಿಸಲ್ಲ. ತೋಟದ ಮೇಲಿನ ಪ್ರೀತಿ ಬೇರೆ, ನನ್ನ ಬಾಯಿಯ ಸ್ಥಿತಿ ಬೇರೆ. ಎರಡೂ ನಿಜ.

ಸರಿ, ಒಪ್ಪಿಕೊಳ್ಳೋದು ಅಂದ್ರೆ ಏನು? ನಾನು ಕಾಮರ್ಸ್ ಓದಿದವನು, ನನಗೆ ತಿಳಿಯೋ ಭಾಷೆಯಲ್ಲಿ ಹೇಳ್ತೀನಿ. ಬ್ಯಾಲೆನ್ಸ್ ಶೀಟಲ್ಲಿ ಸಾಲ ಬರೀತೀವಿ. ಬರೆದ ಮಾತ್ರಕ್ಕೆ ಸಾಲ ಒಳ್ಳೇದು ಅಂತ ಅಲ್ಲ. ಬರೀದೇ ಬಿಟ್ರೆ ಎಷ್ಟು ತೀರಿಸಬೇಕು ಅಂತಾನೇ ಗೊತ್ತಾಗಲ್ಲ. ಹಾಗೇ ಸಾಲ ಇದೆ ಅಂತ ಅಂಗಡಿಯನ್ನೇ ದಿವಾಳಿ ಅಂತ ಘೋಷಿಸೋದೂ ತಪ್ಪು. "ನಾನು ದಿನಕ್ಕೆ ಹನ್ನೆರಡು ಕವಳ ಹಾಕ್ತೀನಿ" ಅನ್ನೋದು ಲೆಕ್ಕ. "ನಾನು ಕೆಲಸಕ್ಕೆ ಬಾರದವನು" ಅನ್ನೋದು ಲೆಕ್ಕ ಅಲ್ಲ.

ಇದಕ್ಕೆ ಆಧಾರವೂ ಇದೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಮೊದಲ ಪರೀಕ್ಷೆಗೆ ಓದೋದನ್ನ ಮುಂದೂಡಿದ ವಿದ್ಯಾರ್ಥಿಗಳಲ್ಲಿ, ತಮ್ಮನ್ನ ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ರು. ಕ್ಷಮಿಸಿಕೊಂಡ್ರೆ ಸೋಮಾರಿ ಆಗ್ತೀವಿ ಅನ್ನೋ ನಮ್ಮ ಭಯಕ್ಕೆ ಇದು ಉಲ್ಟಾ. ಚಟಗಳ ಬಗ್ಗೆ ಕೆಲಸ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞ ಅಲನ್ ಮಾರ್ಲಾಟ್ ಕೂಡ ಇಂಥದ್ದೇ ಗುರುತಿಸಿದ್ರು. ಒಂದು ಸಲ ಜಾರಿದಾಗ "ಎಲ್ಲಾ ಮುಗೀತು, ನನ್ನ ಹಣೆಬರಹವೇ ಇಷ್ಟು" ಅಂದ್ಕೊಂಡವನು ಪೂರ್ತಿ ವಾಪಸ್ ಹೋಗೋ ಸಾಧ್ಯತೆ ಜಾಸ್ತಿ.

ನಾನು ಮಾಡಿದ್ದು ಹೇಳ್ತೀನಿ. ಮೊದಲ ಮೂರು ದಿನ ಬಿಡೋಕೆ ಹೋಗಲಿಲ್ಲ, ಬರೀ ಬರೆದೆ. ಎಷ್ಟು ಗಂಟೆಗೆ, ಎಲ್ಲಿ, ಯಾರ ಜೊತೆ. ಹನ್ನೆರಡರಲ್ಲಿ ಏಳು ಊಟ, ಚಹಾ ಆದ ಮೇಲೆ ಅಥವಾ ಬೈಕ್ ಹತ್ತೋಕೆ ಮೊದಲು. ಬೇಕು ಅನ್ನಿಸಿದ್ದಕ್ಕಲ್ಲ, ಆ ಹೊತ್ತು ಬಂತು ಅನ್ನೋದಕ್ಕೆ. ಆ ಏಳು ಜಾಗದಲ್ಲಿ ಏಲಕ್ಕಿ ಇಟ್ಟೆ. ಸಿಹಿ ಸುಪಾರಿ ಬೇಡ, ಅದೂ ಅಡಿಕೆಯೇ. ತಲುಬು ಬಂದಾಗ ನೀರು ಕುಡಿದು, ಎದ್ದು, ತೋಟಕ್ಕೆ ಒಂದು ಸುತ್ತು. ಸಾಮಾನ್ಯವಾಗಿ ಕೆಲವು ನಿಮಿಷದಲ್ಲಿ ಅದರ ಜೋರು ಇಳಿಯುತ್ತೆ. ಮೊದಲ ವಾರ ಸಿಟ್ಟು, ನಿದ್ದೆ ಇಲ್ಲ. ಅದು ನಿಕೋಟಿನ್ ಬಿಟ್ಟಾಗ ಆಗೋದೇ, ನಿಮ್ಮ ಸ್ವಭಾವ ಕೆಟ್ಟದ್ದು ಅಂತಲ್ಲ.

ಮತ್ತೆ, ಆಯಿಗೆ ನಿಜ ಹೇಳಿದೆ. ಎರಡು ಸಲದ ಸುಳ್ಳನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾರನೇ ದಿನ ಕವಳದ ಬಟ್ಟಲು ಜಗುಲಿಯಿಂದ ಒಳಗೆ ಹೋಗಿತ್ತು. ಯಾರಾದ್ರೂ ಬಂದ್ರೆ ಮಾತ್ರ ಹೊರಗೆ.

ನಲವತ್ತೊಂದನೇ ದಿನ ಒಂದು ತಾಳಮದ್ದಳೆಯಲ್ಲಿ ಜಾರಿದೆ. ಮಧ್ಯರಾತ್ರಿ, ಎಲ್ಲರ ಕೈಯಲ್ಲೂ ಕವಳ, ನಾನೂ ಒಂದು ಹಾಕಿದೆ. ಹಳೇ ನಾನಾಗಿದ್ರೆ ಮರುದಿನದಿಂದ ಮತ್ತೆ ಹನ್ನೆರಡು. ಈ ಸಲ ಪುಸ್ತಕದಲ್ಲಿ ಬರೆದೆ: ಒಂದು, ರಾತ್ರಿ ಒಂದೂವರೆ, ತಾಳಮದ್ದಳೆ. ಮರುದಿನ ಏಲಕ್ಕಿ. ಲಂಡನ್ನಿನ ಫಿಲಿಪ್ಪಾ ಲ್ಯಾಲಿ ತಂಡದ 2010ರ ಅಧ್ಯಯನದಲ್ಲಿ 96 ಜನ ಹೊಸ ಅಭ್ಯಾಸ ಶುರು ಮಾಡಿದ್ರು. ಅಭ್ಯಾಸ ಗಟ್ಟಿಯಾಗೋಕೆ ಸರಾಸರಿ 66 ದಿನ, ಆದ್ರೆ ಒಬ್ಬೊಬ್ರಿಗೆ 18ರಿಂದ 254ರ ತನಕ ವ್ಯತ್ಯಾಸ. ಒಂದು ದಿನ ತಪ್ಪಿದ್ರೆ ದೊಡ್ಡ ಪರಿಣಾಮ ಆಗಲಿಲ್ಲ. ಅದು ಅಭ್ಯಾಸ ಕಟ್ಟೋದರ ಬಗ್ಗೆ, ಚಟ ಬಿಡೋದರ ಬಗ್ಗೆ ಅಲ್ಲ. ಆದ್ರೆ ಏಲಕ್ಕಿ ನನ್ನ ಹೊಸ ಅಭ್ಯಾಸ ತಾನೇ? 21 ದಿನದಲ್ಲಿ ಎಲ್ಲಾ ಸರಿಹೋಗುತ್ತೆ ಅನ್ನೋ ರೀಲ್ಸ್ ನೋಡಿ, 22ನೇ ದಿನ ತಲುಬು ಬಂತು ಅಂತ ಸೋತೆ ಅಂದ್ಕೋಬೇಡಿ.

ಈಗ ಹನ್ನೊಂದು ತಿಂಗಳು. ಬಾಯಿ ಇನ್ನೂ ಎರಡೂವರೆ ಬೆರಳೇ. ಆರು ತಿಂಗಳಿಗೊಮ್ಮೆ ತೋರಿಸ್ತೀನಿ. ಉರಿ ಕಡಿಮೆ ಆಗಿದೆ, ಅಪ್ಪೆಹುಳಿ ಕುಡೀತೀನಿ.

ಕೇಳ್ತಿರೋರು ಒಂದು ಕೆಲಸ ಮಾಡಿ. ಈಗಲೇ ಮೂರು ಬೆರಳು ಇಟ್ಟು ನೋಡಿ. ಹಿಡಿಯದಿದ್ರೆ, ಬಾಯಿ ಉರಿದ್ರೆ, ಬಿಳಿ ಮಚ್ಚೆ ಅಥವಾ ಮಾಗದ ಹುಣ್ಣು ಇದ್ರೆ ದಂತವೈದ್ಯರ ಹತ್ರ ಹೋಗಿ. ತಂಬಾಕು ಬಿಡೋಕೆ ಸಹಾಯ ಬೇಕಾದ್ರೆ ರಾಷ್ಟ್ರೀಯ ಸಹಾಯವಾಣಿ 1800-11-2356, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಮನಸ್ಸು ಭಾರ ಆಗಿದ್ರೆ ಟೆಲಿ ಮಾನಸ್, 14416. ನಾಚಿಕೆ ಆಗುತ್ತೆ, ಗೊತ್ತು. ನಾಚಿಕೆ ಆದ್ರೂ ಫೋನ್ ಮಾಡಬಹುದು. ಮುಂದಿನ ವಾರ ಸಿಗೋಣ.